ಬಾಯಿಯ ದುರ್ವಾಸನೆಗೆ ವಯಸ್ಸು ಕಾರಣವಲ್ಲ

ಪ್ರಶ್ನೆ: ನಮ್ಮ ಪೊಮೇರಿಯನ್‌ಗೆ ಏಳು ವರ್ಷ. ಕೆಲವು ತಿಂಗಳುಗಳಿಂದ ಬಾಯಿ ವಿಪರೀತ ವಾಸನೆ ಬರುತ್ತಿದೆ. ದವಡೆ ಹಲ್ಲುಗಳ ಮೇಲೆ ಕಂದು ಬಣ್ಣದ ಗಟ್ಟಿ ಪದರ ಕಟ್ಟಿದೆ. ವಯಸ್ಸಾದ ನಾಯಿಗೆ ಇದು ಸಹಜ ಎನ್ನುತ್ತಾರೆ. ಅದರ ಕೂದಲು ಕತ್ತರಿಸುವವರು ಅರಿವಳಿಕೆ ಇಲ್ಲದೆಯೇ ಪದರವನ್ನು ಕೆರೆದು ತೆಗೆಯುತ್ತೇವೆ ಎಂದಿದ್ದಾರೆ. ಅರಿವಳಿಕೆ ಎಂದರೆ ನನಗೂ ಭಯ. ಕೆರೆಸಬಹುದೇ? ಮನೆಯಲ್ಲಿ ಹಲ್ಲುಜ್ಜುವುದು ಹೇಗೆ?

ಉತ್ತರ: ದಯವಿಟ್ಟು ಕೆರೆಸಬೇಡಿ. ಏಳು ವರ್ಷದ ಪೊಮೇರಿಯನ್ ಮುದಿ ನಾಯಿಯೂ ಅಲ್ಲ, ವಾಸನೆ ಮುಪ್ಪಿನಿಂದ ಬರುವುದೂ ಇಲ್ಲ. ನಿಮಗೆ ಕಾಣುವ ಕಂದು ಪದರಕ್ಕಿಂತ ವಸಡಿನ ಒಳಗೆ ಏನಾಗಿದೆ ಎಂಬುದೇ ನನ್ನ ಚಿಂತೆ.

ಹಲ್ಲು ಉಜ್ಜಿದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳ ಲೋಳೆ ಅದರ ಮೇಲೆ ಮತ್ತೆ ಕೂರುತ್ತದೆ. ಜೊಲ್ಲಿನ ಸುಣ್ಣದಂಶ ಸೇರಿ ಎರಡು ಮೂರು ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಮೇಲ್ದವಡೆಯ ದೊಡ್ಡ ಹಲ್ಲಿನ ಪಕ್ಕದಲ್ಲೇ ಜೊಲ್ಲಿನ ನಾಳ ತೆರೆದುಕೊಳ್ಳುವುದರಿಂದ ಅಲ್ಲಿ ಹೆಚ್ಚು ಕಟ್ಟುತ್ತದೆ. ಲೋಳೆ ವಸಡಿನ ಅಂಚಿನ ಕೆಳಗಿಳಿದರೆ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಆಗಲೇ ಶುಚಿ ಮಾಡಿಸಿದರೆ ಅದು ಮೊದಲಿನಂತಾಗುತ್ತದೆ. ತಡವಾಗಿ, ಹಲ್ಲು ಹಿಡಿದಿರುವ ಮೂಳೆಯೇ ಕರಗಿದರೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ದೊಡ್ಡ ನಾಯಿಗಿರುವ 42 ಹಲ್ಲುಗಳೇ ಪುಟ್ಟ ತಳಿಯ ಬಾಯಿಯಲ್ಲೂ ಇಕ್ಕಟ್ಟಾಗಿ ಕೂತಿರುತ್ತವೆ. ಹಾಗಾಗಿ ನಿಮ್ಮದರಂಥ ನಾಯಿಗಳಿಗೆ ಈ ಕಾಟ ಹೆಚ್ಚು.

ಎಚ್ಚರವಾಗಿರುವ ನಾಯಿಯ ಹಲ್ಲು ಕೆರೆದರೆ ಹೊರಗಿನ ಭಾಗ ಬೆಳ್ಳಗಾಗುತ್ತದೆ, ವಸಡಿನೊಳಗಿನದು ಹಾಗೆಯೇ ಉಳಿಯುತ್ತದೆ. ಬೆಳ್ಳಗಾಯಿತಲ್ಲ ಎಂದು ನೀವು ನಿಶ್ಚಿಂತರಾಗುತ್ತೀರಿ, ಅದೇ ಅಪಾಯ. ಅರಿವಳಿಕೆ ಕೊಟ್ಟರೆ ಮಾತ್ರ ಪಶುವೈದ್ಯರು ಒಂದೊಂದು ಹಲ್ಲಿನ ಸುತ್ತಲೂ ಅಳೆದು, ಎಕ್ಸ್-ರೇ ತೆಗೆದು, ಒಳಗಿನಿಂದ ಶುಚಿ ಮಾಡಲು ಸಾಧ್ಯ. ನಿಮ್ಮ ಭಯವನ್ನು ಅವರಲ್ಲಿ ಮುಚ್ಚಿಡದೆ ಹೇಳಿ. ಮೊದಲೇ ರಕ್ತಪರೀಕ್ಷೆ, ಹೃದಯದ ತಪಾಸಣೆ ಮಾಡುತ್ತೀರಾ, ನೀರು ಶ್ವಾಸಕೋಶಕ್ಕೆ ಹೋಗದಂತೆ ಉಸಿರುನಾಳಕ್ಕೆ ಕೊಳವೆ ಹಾಕುತ್ತೀರಾ ಎಂದು ಕೇಳಿ.

ಬಾಯಿ ವಾಸಿಯಾಗುವವರೆಗೆ ಬ್ರಷ್ ಮುಟ್ಟಬೇಡಿ. ನೋಯುವ ವಸಡಿಗೆ ಒಮ್ಮೆ ಬ್ರಷ್ ತಾಗಿದರೆ ಮುಂದೆ ಬ್ರಷ್ ಕಂಡೊಡನೆ ನಾಯಿ ಓಡುತ್ತದೆ. ನಮ್ಮ ಚಿನ್ನಿಗೆ ನಾನು ಮೊದಲ ವಾರ ಬರೀ ತುಟಿ ಎತ್ತಿ ಇಳಿಸಿದೆ, ಅಷ್ಟೇ. ಎರಡನೆಯ ವಾರ ಬೆರಳಿಗೆ ಒದ್ದೆ ಗಾಜ್ ಬಟ್ಟೆ ಸುತ್ತಿ ಕೋರೆಹಲ್ಲನ್ನು ಸವರಿದೆ. ಮೂರನೆಯ ವಾರ ಮೆತ್ತನೆಯ ಬ್ರಷ್. ಬಾಯಿ ತೆರೆಸುವ ಅಗತ್ಯವೇ ಇಲ್ಲ. ಬಾಯಿ ಮುಚ್ಚಿರುವಾಗಲೇ ಕೆನ್ನೆಯ ತುಟಿ ಎತ್ತಿ, ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಹಲ್ಲೂ ವಸಡೂ ಕೂಡುವ ಗೆರೆಯುದ್ದಕ್ಕೂ ಆಡಿಸಿ. ಒಂದು ಬದಿಗೆ ಅರ್ಧ ನಿಮಿಷ ಸಾಕು, ಆದರೆ ದಿನವೂ ಬೇಕು. ಒಳಬದಿಯನ್ನು ನಾಲಿಗೆ ಒಂದಿಷ್ಟು ಒರೆಸಿಕೊಳ್ಳುತ್ತದೆ.

ಪೇಸ್ಟ್ ಮಾತ್ರ ನಾಯಿಗೆಂದೇ ಮಾಡಿದ್ದಾಗಿರಲಿ. ಅದಕ್ಕೆ ಉಗುಳಲು ಬರುವುದಿಲ್ಲ, ಎಲ್ಲವನ್ನೂ ನುಂಗುತ್ತದೆ. ನಮ್ಮ ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು.

ಮೂಳೆ ಕಡಿದರೆ ಹಲ್ಲು ಶುಚಿಯಾಗುತ್ತದೆಂದು ನಾನೂ ನಂಬಿದ್ದೆ. ಒಂದು ಸಂಜೆ ಚಿನ್ನಿ ತಿನ್ನುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಯಿತು. ತುಟಿ ಎತ್ತಿ ನೋಡಿದರೆ ಮೇಲಿನ ದೊಡ್ಡ ಹಲ್ಲಿನ ಹೊರಮೈ ಸಿಪ್ಪೆಯಂತೆ ಸೀಳಿ, ನಡುವೆ ಕೆಂಪು ಚುಕ್ಕೆಯೊಂದು ಕಾಣುತ್ತಿತ್ತು. ಅದು ಹಲ್ಲಿನ ಜೀವಭಾಗ. ಆ ಹಲ್ಲು ಉಳಿಯಲಿಲ್ಲ. ಈಗ ನಾನು ಏನೇ ಕೊಡುವ ಮುನ್ನ ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡುತ್ತೇನೆ. ಉಗುರಿನ ಗುರುತು ಮೂಡದಷ್ಟು ಗಟ್ಟಿಯಾದದ್ದನ್ನು ಕೊಡುವುದಿಲ್ಲ.

ಪ್ರಶ್ನೆ: ನಮ್ಮ ಏಳು ತಿಂಗಳ ಮರಿಗೆ ಒಂದೇ ಜಾಗದಲ್ಲಿ ಎರಡೆರಡು ಕೋರೆಹಲ್ಲುಗಳಿವೆ. ತಾನಾಗಿ ಬೀಳುತ್ತವೆಯೇ?

ಉತ್ತರ: ಕಾಯಬೇಡಿ. ತೆಳ್ಳಗೆ ಚೂಪಾಗಿರುವುದು ಹಾಲುಹಲ್ಲು. ಹೊಸದು ಮೂಡಿದ ಮೇಲೆ ಹಳೆಯದು ಅಲ್ಲಿರಬಾರದು. ಇದ್ದರೆ ಹೊಸ ಹಲ್ಲು ಸೊಟ್ಟಗೆ ಬೆಳೆಯುತ್ತದೆ, ಸಂದಿಯಲ್ಲಿ ಕೂದಲು, ಆಹಾರ ಸಿಕ್ಕಿಕೊಳ್ಳುತ್ತದೆ. ಅಲ್ಲಾಡಿಸಿ ಕೀಳಲು ಹೋಗಬೇಡಿ, ಅದರ ಬೇರು ಉದ್ದ, ಒಳಗೇ ಮುರಿಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಸದ್ಯದಲ್ಲೇ ಇದ್ದರೆ ಅದೇ ಅರಿವಳಿಕೆಯಲ್ಲಿ ಇದನ್ನೂ ತೆಗೆಯಲು ವೈದ್ಯರಿಗೆ ಹೇಳಿ.