ಕಾದಂಬರಿ ಓದಿದ ನ್ಯಾಯಾಧೀಶರ ತೀರ್ಪು ಭಾವುಕ ಆಗುತ್ತದೆಯೇ?

ಸಾಹಿತ್ಯ ಓದುವ ನ್ಯಾಯಾಧೀಶರು ಕನಿಕರಕ್ಕೆ ಬಿದ್ದು ಕಾನೂನು ಮರೆಯುವುದಿಲ್ಲವೇ ಅಂತ ಕೇಳಿದ್ದೀರಿ. ಆ ಭಯ ಸಹಜವೇ. ಆದರೆ ಕನಿಕರ ಬೇರೆ, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು ಬೇರೆ, ಅಲ್ವಾ?

ಅಮೆರಿಕದ ತತ್ವಶಾಸ್ತ್ರಜ್ಞೆ ಮಾರ್ಥಾ ನಸ್‌ಬಾಮ್ 1995ರಲ್ಲಿ ಇದೇ ವಿಷಯಕ್ಕೆ ಒಂದು ಪುಸ್ತಕ ಬರೆದರು. ಹದಿನೆಂಟನೇ ಶತಮಾನದ ಚಿಂತಕ ಆಡಮ್ ಸ್ಮಿತ್ ಹೇಳಿದ ‘ವಿವೇಕಿ ಪ್ರೇಕ್ಷಕ’ನನ್ನು ಅವರು ನ್ಯಾಯಾಧೀಶರಿಗೆ ಮಾದರಿಯಾಗಿ ಇಡುತ್ತಾರೆ. ಆತ ಎದುರಿನವರ ನೋವನ್ನು ಕಲ್ಪಿಸಿಕೊಳ್ಳುತ್ತಾನೆ, ಆದರೆ ಆ ಜಗಳದಲ್ಲಿ ಅವನಿಗೆ ಸ್ವಂತ ಲಾಭವಿಲ್ಲ. ಕಾದಂಬರಿ ಓದುವವರ ಸ್ಥಿತಿಯೂ ಇದೇ. ಪಾತ್ರಕ್ಕಾಗಿ ಮರುಗುತ್ತೇವೆ, ಅದರ ತಪ್ಪೂ ಕಾಣುತ್ತದೆ.

ಕೋರ್ಟಿಗೆ ಬರುವುದೂ ಕಥೆಗಳೇ. ಒಂದೇ ಘಟನೆಯನ್ನು ಎರಡು ಕಡೆಯವರು ಬೇರೆ ಬೇರೆ ಜಾಗದಿಂದ ಶುರುಮಾಡುತ್ತಾರೆ. ಒಬ್ಬರು ಕೊನೆಯ ಹೊಡೆತದಿಂದ, ಇನ್ನೊಬ್ಬರು ಅದಕ್ಕೂ ಮೊದಲಿನ ವರ್ಷಗಳ ಹಿಂಸೆಯಿಂದ. ಯಾರ ಮಾತು ಬಿಟ್ಟುಹೋಗಿದೆ ಅಂತ ಗಮನಿಸುವ ಅಭ್ಯಾಸ ಒಳ್ಳೆಯ ಓದಿನಿಂದ ಬರುತ್ತದೆ. ಶಿಕ್ಷೆ ಎಷ್ಟು ಎಂದು ನಿರ್ಧರಿಸುವಾಗ ಇದು ಇನ್ನೂ ಜಾಸ್ತಿ ಮುಖ್ಯ.

ಅಮೆರಿಕದ ನ್ಯಾಯಾಧೀಶರಾಗಿದ್ದ ರಿಚರ್ಡ್ ಪೋಸ್ನರ್, ಸಾಹಿತ್ಯ ಓದಿದ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ ಎಂದು ವಾದಿಸಿದರು. ನಿಜವೇ. ತೀರ್ಪಿನಲ್ಲಿ ಸುಮ್ನೆ ಕವಿತೆಯ ಸಾಲು ಸೇರಿಸಿದರೂ ಪ್ರಯೋಜನವಿಲ್ಲ. ಕಾರಣಗಳು ಕಾನೂನಿನಿಂದಲೇ ಬರಬೇಕು.

ಕಥೆ ಹೇಳುವ ರೀತಿಯ ಈ ವ್ಯತ್ಯಾಸ ನೀವೇ ನೋಡಬೇಕಾದರೆ, ಒಂದೇ ಕೇಸಿನ ಬಹುಮತದ ತೀರ್ಪು, ಅದನ್ನು ಒಪ್ಪದ ನ್ಯಾಯಾಧೀಶರು ಬರೆದ ಭಿನ್ನಮತದ ತೀರ್ಪು ಎರಡನ್ನೂ ತೆಗೆದುಕೊಳ್ಳಿ. ಸಂಗತಿಗಳನ್ನು ಹೇಳುವ ಭಾಗವನ್ನಷ್ಟೇ ಅಕ್ಕಪಕ್ಕ ಇಟ್ಟು ಓದಿ ನೋಡಿ.