ಕ್ಯಾಂಪರ್ ಕಟ್ಟಿಕೊಂಡು ಅನಮೋಡ ಘಾಟ್ ಇಳಿಯಬಹುದೇ?

ಪ್ರಶ್ನೆ: ನಮ್ಮ ಡೀಸೆಲ್ ಎಸ್‌ಯುವಿ ಹಿಂದೆ 900 ಕೆ.ಜಿ.ಯ ಕ್ಯಾಂಪರ್ ಟ್ರೇಲರ್ (ಮಲಗಲು ವ್ಯವಸ್ಥೆಯಿರುವ ಟ್ರೇಲರ್) ಕಟ್ಟಿಕೊಂಡು ನಾಲ್ವರು ಗೋವಾದ ಮೊಲ್ಲೆಮ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇವೆ. ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಓಡಿಸಿದ ರೂಢಿ ನನಗಿದೆ. ಘಾಟ್‌ನಲ್ಲಿ ಗಾಡಿ ಎಳೆಯುತ್ತದೆಯೇ? ರಾತ್ರಿ ಕಾಡಿನಲ್ಲೇ ತಂಗಬಹುದೇ?
— ಓದುಗರು, ಬೈಲಹೊಂಗಲ

ಉತ್ತರ: ಎಳೆಯುವ ಚಿಂತೆ ಆಮೇಲೆ. ಖಾನಾಪುರ, ಲೋಂಡಾ, ರಾಮನಗರ ದಾಟಿ ಅನಮೋಡಕ್ಕೆ ಬಂದ ಮೇಲೆ ನಿಮಗೆ ಎದುರಾಗುವುದು ಇಳಿಜಾರು. ನನಗೆ ಭಯವಿರುವುದು ಅಲ್ಲೇ. ಕಬ್ಬಿನ ಟ್ರ್ಯಾಕ್ಟರ್ ಬಯಲಿನಲ್ಲಿ ನಿಧಾನಕ್ಕೆ ಸಾಗುತ್ತದೆ. ಆ ಅನುಭವವನ್ನು ಘಾಟ್‌ಗೆ ನೆಚ್ಚಬೇಡಿ.

ಗಾಡಿ, ಟ್ರೇಲರ್, ಜನ ಎಲ್ಲ ಸೇರಿ ಸುಮಾರು 3 ಟನ್. ಇಷ್ಟು ತೂಕ 500 ಮೀಟರ್ ಎತ್ತರದಿಂದ ಇಳಿದಾಗ ಹುಟ್ಟುವ ಶಾಖ 45 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಅದನ್ನೆಲ್ಲ ಬ್ರೇಕ್ ಒಂದರ ಮೇಲೆಯೇ ಹೊರಿಸಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಿದರೆ, ತೇವ ಹಿಡಿದದ್ದು 140ರ ಆಸುಪಾಸಿನಲ್ಲೇ ಕುದಿಯಬಹುದು. ಆಗ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷದಿಂದ ಆಯಿಲ್ ಬದಲಿಸದಿದ್ದರೆ ಹೊರಡುವ ಮುನ್ನ ಬದಲಿಸಿ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಈ ಪ್ರಯಾಣ ಬೇಡವೇ ಬೇಡ.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರ್‌ಗೆ ಬನ್ನಿ, ಎಂಜಿನ್ನೇ ಗಾಡಿಯನ್ನು ತಡೆಯಲಿ. ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಸಣ್ಣಗೆ ಒತ್ತಿಕೊಂಡೇ ಇಳಿಯಬೇಡಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕುವ ಚಾಳಿ ನಮ್ಮ ಕಡೆ ಬಹಳ. ಈಗಿನ ಎಂಜಿನ್‌ಗಳು ಗೇರ್‌ನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಉಳಿತಾಯವೂ ಇಲ್ಲ, ತಡೆಯೂ ಇಲ್ಲ.

ಇನ್ನು ಸಾಮಾನು. ಟ್ರೇಲರ್ ತೂಕದ ಶೇ 10ರಷ್ಟು, ಅಂದರೆ ನಿಮ್ಮದಕ್ಕೆ ಸುಮಾರು 90 ಕೆ.ಜಿ., ಕೊಂಡಿಯ ಮೇಲೆ ಬೀಳಬೇಕು. ನಿಮ್ಮ ಗಾಡಿಯ ಕೈಪಿಡಿ ಹೇಳುವ ಮಿತಿಯನ್ನೂ ಅದು ಮೀರಬಾರದು. ಮನೆಯ ತೂಕದ ಯಂತ್ರದ ಮೇಲೆ ಟ್ರೇಲರ್‌ನ ಮೂತಿ, ಅಂದರೆ ಕೊಂಡಿಗೆ ಸೇರುವ ಮುಂತುದಿ, ಇಟ್ಟು ನೋಡಿ. ನೀರಿನ ಟ್ಯಾಂಕ್, ಸಿಲಿಂಡರ್ ಹಿಂಬದಿಗೆ ಸೇರಿದರೆ ಮೂತಿ ಹಗುರಾಗಿ ಟ್ರೇಲರ್ ಬಾಲ ಬೀಸುತ್ತದೆ. ಹಾಗೆ ಬೀಸತೊಡಗಿದರೆ ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ, ವೇಗ ಹೆಚ್ಚಿಸಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ತಿರುವುಗಳಲ್ಲಿ ಟ್ರೇಲರ್ ಚಕ್ರ ಒಳಗಡೆ ಕತ್ತರಿಸುತ್ತದೆ, ಸ್ವಲ್ಪ ಅಗಲಕ್ಕೆ ತೆಗೆದುಕೊಳ್ಳಿ.

ವಾಪಸ್ ಹತ್ತುವಾಗ ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆರಿಸಿ. ಅಷ್ಟಕ್ಕೂ ಇಳಿಯದಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಬಿಸಿ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಮಳೆಗಾಲದಲ್ಲಿ ಈ ಘಾಟ್‌ನಲ್ಲಿ ಮಣ್ಣು ಕುಸಿಯುತ್ತದೆ, ಟ್ರೇಲರ್ ಹಿಂದಕ್ಕೆ ತಿರುಗಿಸಲು ಜಾಗವೂ ಸಿಗದು. ನವೆಂಬರ್ ನಂತರ ಹೋಗಿ, ಹಗಲಿನಲ್ಲೇ ಇಳಿಯಿರಿ.

ಕಾಡಿನಲ್ಲಿ ತಂಗುವ ಆಸೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಉದ್ಯಾನದೊಳಗೆ ಇರುವುದು ಅಪರಾಧ. ಹೆದ್ದಾರಿ ಬದಿಯ ಮರದಡಿಯಲ್ಲಿ ಒಲೆ ಹಚ್ಚುವುದೂ ಬೇಡ, ಒಣ ಎಲೆಗೆ ಒಂದು ಕಿಡಿ ಸಾಕು. ಮೊಲ್ಲೆಮ್‌ನ ವಸತಿಗೃಹವೊಂದಕ್ಕೆ ಮೊದಲೇ ಫೋನ್ ಮಾಡಿ, ಟ್ರೇಲರ್ ನಿಲ್ಲಿಸಲು ಆವರಣದಲ್ಲಿ ಜಾಗ ಕೇಳಿ. ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು, ಕಾಗದ ಜೊತೆಗಿರಲಿ. ದೂಧಸಾಗರ ಜಲಪಾತಕ್ಕೆ ಹತ್ತಿರದ ಕುಳೆಮ್ ಊರಿನಿಂದ ಜೀಪ್ ಹಿಡಿಯಿರಿ; ಆ ದಿನ ನಿಮ್ಮ ಗಾಡಿಗೂ ಟ್ರೇಲರ್‌ಗೂ ರಜೆ.