ಟ್ಯಾಬ್ಲೆಟ್ ಡಾಕ್‌ಗೆ ಎರಡು ಮಾನಿಟರ್ ಹಾಕಿದರೆ ಒಂದೇ ಏಕೆ ಬರುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ವಿಂಡೋಸ್ ಟ್ಯಾಬ್ಲೆಟ್, ಅದರ ಯುಎಸ್‌ಬಿ-ಸಿ ಪೋರ್ಟಿಗೆ ಡಾಕ್, ಅಂದರೆ ಒಂದೇ ತಂತಿಯಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ. ಡಾಕ್‌ನ ಡಿಸ್‌ಪ್ಲೇಪೋರ್ಟ್‌ಗೆ 27 ಇಂಚಿನ 4ಕೆ ಮಾನಿಟರ್, ಎಚ್‌ಡಿಎಂಐಗೆ 24 ಇಂಚಿನ ಫುಲ್ ಎಚ್‌ಡಿ. ಒಂದೊಂದನ್ನೇ ಹಾಕಿದರೆ ಎರಡೂ ಬರುತ್ತವೆ. ಒಟ್ಟಿಗೆ ಹಾಕಿದರೆ ಒಂದು ‘ನೋ ಸಿಗ್ನಲ್’ ಎನ್ನುತ್ತದೆ. ಎರಡು ಕೇಬಲ್ ಬದಲಾಯಿಸಿ ನೋಡಿದ್ದೀರಿ, ಈಗ ಡಾಕ್ ಕೆಟ್ಟಿದೆಯೆಂದು ವಾಪಸ್ ಕಳಿಸಲು ಹೊರಟಿದ್ದೀರಿ.

ಒಂದು ದಿನ ತಡೆಯಿರಿ. ಕೊನೆಯ ಸಾಲಿನಲ್ಲಿ ನೀವು ಸುಮ್ಮನೆ ಸೇರಿಸಿದ ಒಂದು ಮಾತಿದೆಯಲ್ಲ, 4ಕೆ ಒಂದನ್ನೇ ಹಾಕಿದಾಗಲೂ 30 ಹರ್ಟ್ಸ್‌ಗಿಂತ (ಸೆಕೆಂಡಿಗೆ 30 ಸಲ ಚಿತ್ರ ಬದಲಾಗುವುದಕ್ಕಿಂತ) ಮೇಲೆ ಹೋಗುವುದಿಲ್ಲ ಅಂತ, ನನ್ನ ಕಣ್ಣು ನಿಂತದ್ದು ಅಲ್ಲೇ.

ನಾನು ಮನೆಯಲ್ಲೇ ಕೂತು ಲೆಕ್ಕಪತ್ರದ ಕೆಲಸ ಮಾಡುವವನು. ಒಂದು ಪರದೆಯಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್ ಇಲ್ಲದಿದ್ದರೆ ದಿನದ ಕೆಲಸ ಮುಗಿಯುವುದಿಲ್ಲ. ನನ್ನ ಟ್ಯಾಬ್ಲೆಟ್‌ಗೆ ಡಾಕ್ ತಂದು 2560×1440ರ ಒಂದು ಮಾನಿಟರ್, ಫುಲ್ ಎಚ್‌ಡಿಯ ಇನ್ನೊಂದು ಜೋಡಿಸಿದಾಗ ನಿಮಗಾದದ್ದೇ ನನಗೂ ಆಯಿತು. ಕೇಬಲ್ ಬದಲಾಯಿಸಿದೆ, ಡ್ರೈವರ್ ಅಳಿಸಿ ಮತ್ತೆ ಹಾಕಿದೆ, ಕೊನೆಗೆ ಡಾಕ್ ವಾಪಸ್ ಕಳಿಸಿ ಹೊಸದು ತರಿಸಿಕೊಂಡೆ. ಹೊಸದೂ ಅದೇ ಹಟ ಹಿಡಿಯಿತು. ಆಗ ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ.

ಯುಎಸ್‌ಬಿ-ಸಿ ತಂತಿಯೊಳಗೆ ವೇಗದ ದಾರಿಗಳು ನಾಲ್ಕು. ಬಹಳಷ್ಟು ಡಾಕ್‌ಗಳು ಅದರಲ್ಲಿ ಎರಡನ್ನು ಯುಎಸ್‌ಬಿ 3 ಪೋರ್ಟುಗಳಿಗೆ ಕೊಟ್ಟು, ಉಳಿದ ಎರಡನ್ನು ಮಾತ್ರ ಚಿತ್ರಕ್ಕೆ ಇಟ್ಟುಕೊಳ್ಳುತ್ತವೆ. ಟ್ಯಾಬ್ಲೆಟ್ ಚಿತ್ರ ಕಳಿಸುವುದು ಡಿಸ್‌ಪ್ಲೇಪೋರ್ಟ್ 1.2ರ ಪದ್ಧತಿಯಲ್ಲಾದರೆ ಈ ಎರಡು ದಾರಿಯಲ್ಲಿ ಸೆಕೆಂಡಿಗೆ 8.64 ಗಿಗಾಬಿಟ್ ಹೋಗುತ್ತದೆ, ಅಷ್ಟೇ. 4ಕೆ ಪರದೆ 60 ಹರ್ಟ್ಸ್‌ನಲ್ಲಿ ಓಡಲು ಸುಮಾರು 12.8 ಬೇಕು. 30ರಲ್ಲಿ ಸುಮಾರು 6.3 ಸಾಕು. ನಿಮ್ಮದು 30ಕ್ಕೆ ನಿಂತದ್ದು ಇದಕ್ಕೇ. ಎಚ್‌ಡಿಎಂಐ 1.4ರ ಪೋರ್ಟೂ 4ಕೆಯನ್ನು 30ಕ್ಕೇ ಕಟ್ಟಿಹಾಕುತ್ತದೆ. ಆದರೆ ನಿಮ್ಮ 4ಕೆ ಇರುವುದು ಡಿಸ್‌ಪ್ಲೇಪೋರ್ಟ್‌ನಲ್ಲಿ, ಹಾಗಾಗಿ ಆ ಅನುಮಾನ ಇಲ್ಲಿ ಬೇಡ.

ಈಗ ಎರಡನೇ ಪರದೆ ಪೂರ್ತಿ ಕಪ್ಪಾಗುವುದೇಕೆ, ಇಬ್ಬರೂ ಹಂಚಿಕೊಂಡು ನಿಧಾನ ಆಗಬಹುದಿತ್ತಲ್ಲ ಎಂಬ ಪ್ರಶ್ನೆ. ಒಂದೇ ತಂತಿಯಲ್ಲಿ ಎರಡು ಚಿತ್ರ ಕಳಿಸುವ ಈ ವಿಧಾನಕ್ಕೆ ಎಂಎಸ್‌ಟಿ ಎನ್ನುತ್ತಾರೆ, 2010ರಲ್ಲಿ ಡಿಸ್‌ಪ್ಲೇಪೋರ್ಟ್ 1.2ರ ಜೊತೆ ಬಂದದ್ದು. ಇದು ರಿಸರ್ವೇಶನ್ ಇರುವ ಬಸ್ಸಿನ ಹಾಗೆ. ತಂತಿಯ ಸಮಯವನ್ನು 64 ಸೀಟುಗಳಾಗಿ ಹೋಳು ಮಾಡಿರುತ್ತಾರೆ. ಮೊದಲನೆಯದು ಕಂಡಕ್ಟರಿನದು, ಪ್ರಯಾಣಿಕರಿಗೆ ಉಳಿಯುವುದು 63. ಮಾನಿಟರ್ ಒಂದು ಕುಟುಂಬ: ಅದರ ಎಲ್ಲರಿಗೂ ಸೀಟು ಸಿಕ್ಕರೆ ಮಾತ್ರ ಹತ್ತುತ್ತದೆ, ಅರ್ಧ ಮಂದಿಯನ್ನು ಕಳಿಸುವ ಮಾತೇ ಇಲ್ಲ. ಮೊದಲು ಹತ್ತಿದವರು ಕೂತುಬಿಡುತ್ತಾರೆ, ಎರಡನೆಯವರು ಸ್ಟ್ಯಾಂಡಿನಲ್ಲೇ ಉಳಿಯುತ್ತಾರೆ.

8.64ರ ಬಸ್ಸಿನಲ್ಲಿ ಒಂದು ಸೀಟು ಎಂದರೆ 0.135 ಗಿಗಾಬಿಟ್. ನಿಮ್ಮ 4ಕೆಗೆ 30 ಹರ್ಟ್ಸ್‌ನಲ್ಲಿ ಸುಮಾರು 47 ಸೀಟು, ಫುಲ್ ಎಚ್‌ಡಿಗೆ 60ರಲ್ಲಿ ಸುಮಾರು 25. ಒಟ್ಟು 72. ನನ್ನದು 44 ಮತ್ತು 25, ಒಟ್ಟು 69. ಆರು ಸೀಟಿಗಾಗಿ ನಾನು ಒಂದು ಒಳ್ಳೆಯ ಡಾಕ್ ವಾಪಸ್ ಕಳಿಸಿದ್ದೆ!

ಇದು ನಿಮ್ಮ ಡಾಕ್‌ಗೆ ಮಾತ್ರ ಅಂಟಿದ ಮಾತಲ್ಲ. 2015ರ ಸರ್ಫೇಸ್ ಡಾಕ್‌ನಲ್ಲಿ ಎರಡು ಮಿನಿ ಡಿಸ್‌ಪ್ಲೇಪೋರ್ಟ್ ಇದ್ದರೂ 4ಕೆ ಪರದೆ ಒಂದಾದರೆ 60 ಹರ್ಟ್ಸ್, ಎರಡಾದರೆ 30 ಹರ್ಟ್ಸ್ ಎಂಬುದೇ ಮಿತಿಯಾಗಿತ್ತು. ಡಾಕ್ ಮೇಲೆ ಎಷ್ಟು ಪೋರ್ಟ್ ಇವೆ ಎಂದು ಎಣಿಸಿ ನಾವು ಕೊಳ್ಳುತ್ತೇವೆ, ಅದರ ಹಿಂದೆ ಹೋಗುವ ತಂತಿ ಒಂದೇ ಎಂಬುದು ಪೆಟ್ಟಿಗೆಯ ಮೇಲೆ ಕಾಣುವುದಿಲ್ಲ. ಈ ಮಾಹಿತಿಯನ್ನು ಕಂಪನಿಗಳು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೊದಲು ಇದು ನಿಜವೇ ಎಂದು ಐದು ನಿಮಿಷದಲ್ಲಿ ಪರೀಕ್ಷಿಸಿ. 4ಕೆ ಒಂದನ್ನೇ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇಗೆ ಹೋಗಿ ರೆಸಲ್ಯೂಶನ್ ಅನ್ನು 1920×1080ಕ್ಕೆ ಇಳಿಸಿ. ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 60 ಹರ್ಟ್ಸ್ ಇಡಿ. ಎಚ್‌ಡಿಆರ್ (ಬಣ್ಣ, ಬೆಳಕಿನ ವ್ಯಾಪ್ತಿ ಹೆಚ್ಚಿಸುವ ಆಯ್ಕೆ) ಆನ್ ಇದ್ದರೆ ಆಫ್ ಮಾಡಿ, ಅದು ಬಣ್ಣಕ್ಕೆ 24ರ ಬದಲು 30 ಬಿಟ್ ಕೇಳಿದರೆ ಸೀಟುಗಳು ಕಾಲು ಪಾಲು ಹೆಚ್ಚುತ್ತವೆ. ಈಗ ಎರಡನೆಯದನ್ನು ಹಾಕಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿ. 25 ಮತ್ತು 25, ಐವತ್ತು ಸೀಟು. ಎರಡೂ ಬೆಳಗಿದರೆ ಡಾಕ್, ಕೇಬಲ್, ಮಾನಿಟರ್ ಎಲ್ಲವೂ ಚೆನ್ನಾಗಿವೆ ಎಂದರ್ಥ.

ಟ್ಯಾಬ್ಲೆಟ್‌ನ ಸ್ವಂತ ಪರದೆಯನ್ನು ಆಫ್ ಮಾಡಿ ಎಂದು ಹಲವರು ಹೇಳುತ್ತಾರೆ. ಅದು ಡಾಕ್‌ನ ತಂತಿಯಲ್ಲಿ ಒಂದು ಸೀಟನ್ನೂ ಹಿಡಿದಿರುವುದಿಲ್ಲ. ಗ್ರಾಫಿಕ್ಸ್ ಚಿಪ್ ಒಟ್ಟು ಎಷ್ಟು ಪರದೆ ನಡೆಸಬಲ್ಲದು ಎಂಬ ಲೆಕ್ಕದಲ್ಲಿ ಮಾತ್ರ ಅದು ಬರುತ್ತದೆ, ಅದು ಬೇರೆ ವಿಷಯ.

ಶಾಶ್ವತ ಪರಿಹಾರಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಟ್ಯಾಬ್ಲೆಟ್‌ನಲ್ಲಿ ಚಿತ್ರ ಕಳಿಸಬಲ್ಲ ಎರಡನೇ ಯುಎಸ್‌ಬಿ-ಸಿ ಪೋರ್ಟ್ ಇದ್ದರೆ. 4ಕೆಯನ್ನು ನೇರ ಅದಕ್ಕೇ ಜೋಡಿಸಿ, ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್‌ನಲ್ಲಿ. ನಾಲ್ಕೂ ದಾರಿ ಅದಕ್ಕೊಂದಕ್ಕೇ ಸಿಕ್ಕಿ 60 ಹರ್ಟ್ಸ್ ಬರುವ ಸಾಧ್ಯತೆ ಹೆಚ್ಚು.

ಇಲ್ಲದಿದ್ದರೆ ಡಾಕ್‌ನ ಕೈಪಿಡಿಯಲ್ಲಿ ನಾಲ್ಕೂ ದಾರಿಯನ್ನು ಚಿತ್ರಕ್ಕೆ ಕೊಡುವ ಆಯ್ಕೆ ಇದೆಯೇ ನೋಡಿ. ಹಾಗೆ ಮಾಡಿದರೆ ಯುಎಸ್‌ಬಿ ಪೋರ್ಟುಗಳು 2.0ರ ವೇಗಕ್ಕೆ, ಅಂದರೆ 480 ಮೆಗಾಬಿಟ್‌ಗೆ ಇಳಿಯುತ್ತವೆ. ಕೀಬೋರ್ಡ್, ಮೌಸ್, ಪ್ರಿಂಟರ್‌ಗೆ ಧಾರಾಳ, ಹಾರ್ಡ್‌ಡಿಸ್ಕ್‌ನಿಂದ ದೊಡ್ಡ ಫೈಲ್ ಎತ್ತುವಾಗ ಮಾತ್ರ ಕಾಯಬೇಕು. ಈ ಬಸ್ಸಿನ ಸೀಟು ಇಮ್ಮಡಿ ಅಗಲ. 4ಕೆಗೆ 60ರಲ್ಲಿ ಸುಮಾರು 48, ಫುಲ್ ಎಚ್‌ಡಿಗೆ 60ರಲ್ಲಿ 13, ಒಟ್ಟು 61. ಹಿಡಿಸುತ್ತದೆ, ಆದರೆ ಅಂಚಿನಲ್ಲಿ. ನಿಮ್ಮ 24 ಇಂಚಿನದು ಈಗಿನ ಅನೇಕ ಮಾನಿಟರುಗಳ ಹಾಗೆ 75 ಹರ್ಟ್ಸ್‌ನದಾದರೆ 16 ಸೀಟು ಕೇಳುತ್ತದೆ, ಒಟ್ಟು 64, ಮತ್ತೆ ಕಪ್ಪು. ಅದಕ್ಕೆ ಮೊದಲೇ 60ಕ್ಕೆ ಇಳಿಸಿಡಿ. ಹಾಗೆಯೇ 4ಕೆಯನ್ನು ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಬದಲಾಯಿಸಬೇಡಿ. ಟಿವಿಗಳ ಪದ್ಧತಿಯಲ್ಲಿ ಚಿತ್ರದ ಸುತ್ತ ಖಾಲಿ ಸಮಯ ಹೆಚ್ಚು ಬಿಡುವುದರಿಂದ ಅದೇ 4ಕೆಗೆ ಸುಮಾರು 53 ಸೀಟು ಬೇಕಾಗುತ್ತದೆ.

ನನ್ನ ಡಾಕ್‌ನಲ್ಲಿ ಆ ಆಯ್ಕೆ ಇರಲಿಲ್ಲ. ದೊಡ್ಡ ಮಾನಿಟರಿನ ಪಟ್ಟಿಯಲ್ಲಿ 50 ಹರ್ಟ್ಸ್ ಇತ್ತು, ಅದನ್ನೇ ಇಟ್ಟೆ. 44ರ ಜಾಗದಲ್ಲಿ 36 ಸೀಟು, 25 ಸೇರಿ 61. ಅಂದಿನಿಂದ ಎರಡೂ ಪರದೆ ಒಟ್ಟಿಗೆ ಓಡುತ್ತಿವೆ. ಅಂಕಿ ನೋಡುವ ಕೆಲಸಕ್ಕೆ 50 ಸಾಕು, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕೊನೆಯ ದಾರಿ ಡಿಸ್‌ಪ್ಲೇಲಿಂಕ್ ಅಡಾಪ್ಟರ್. ಅದು ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ದತ್ತಾಂಶದ ದಾರಿಯಲ್ಲಿ ಕಳಿಸುತ್ತದೆ, ಹಾಗಾಗಿ ಈ ಬಸ್ಸಿಗೆ ಹತ್ತುವುದೇ ಇಲ್ಲ. ಡ್ರೈವರ್ ಬೇಕು, ಪ್ರೊಸೆಸರ್ ಮೇಲೆ ಸ್ವಲ್ಪ ಭಾರ ಬೀಳುತ್ತದೆ, ನಕಲು ರಕ್ಷಣೆ ಇರುವ ಸಿನಿಮಾ ಕೆಲವೊಮ್ಮೆ ಓಡುವುದಿಲ್ಲ. ಫುಲ್ ಎಚ್‌ಡಿ ಪರದೆಗೆ ಮಾತ್ರ ಇದನ್ನು ಬಳಸಿ. ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿ ಆಕಾರದ ಪೋರ್ಟಿನಲ್ಲೇ ಬರುವ, ಇನ್ನೂ ವೇಗದ ಪದ್ಧತಿ) ಡಾಕ್‌ಗೆ ದುಡ್ಡು ಹಾಕುವ ಮುನ್ನ ಟ್ಯಾಬ್ಲೆಟ್‌ನ ಪೋರ್ಟಿಗೆ ಥಂಡರ್‌ಬೋಲ್ಟ್ ಇದೆಯೇ ಖಚಿತ ಮಾಡಿಕೊಳ್ಳಿ. ಸರ್ಫೇಸ್ ಪ್ರೊ ಸಾಲಿನಲ್ಲಿ ಅದು ಬಂದದ್ದೇ 2021ರ ಪ್ರೊ 8ರಲ್ಲಿ. ಪೋರ್ಟ್ ಒಂದಿದ್ದರೆ ಸಾಲದು ಎಂಬುದಕ್ಕೆ ಅದೇ ವರ್ಷದ ಎಂ1 ಐಪ್ಯಾಡ್ ಪ್ರೊ ಸಾಕ್ಷಿ: ಥಂಡರ್‌ಬೋಲ್ಟ್ ಇದ್ದರೂ ಅದು ನಡೆಸುವುದು ಹೊರಗಿನ ಒಂದೇ ಮಾನಿಟರನ್ನು.

ಇಷ್ಟಾಗಿಯೂ ಫುಲ್ ಎಚ್‌ಡಿ ಜೋಡಿಯ ಪರೀಕ್ಷೆಯಲ್ಲೇ ಒಂದು ಪರದೆ ಕಪ್ಪಾಗಿದ್ದರೆ ಆಗ ಬೇರೆ ಕಡೆ ಹುಡುಕಬೇಕು. ಟ್ಯಾಬ್ಲೆಟ್‌ನ ಕವರ್ ತೆಗೆದು ಪ್ಲಗ್ ಪೂರ್ತಿ ಒಳಗೆ ಕೂರುತ್ತದೆಯೇ ನೋಡಿ, ದಪ್ಪ ಕವರ್ ಅರ್ಧ ಮಿಲಿಮೀಟರ್ ತಡೆದರೂ ಸಾಕು. ಮಾನಿಟರಿನ ಮೆನುವಿನಲ್ಲಿ ಇನ್‌ಪುಟ್ ‘ಆಟೋ’ ಇದ್ದರೆ ಸರಿಯಾದ ಪೋರ್ಟನ್ನು ಕೈಯಾರೆ ಆರಿಸಿ. ಮಧ್ಯೆ ಅಡಾಪ್ಟರ್ ಇದ್ದರೆ ಅದರ ದಿಕ್ಕು ನೋಡಿ: ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವುದು ತಿರುಗಿಸಿದರೆ ಕೆಲಸ ಮಾಡದು, ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕರೆಂಟ್ ಹೋಗಿ ಬಂದ ಮೇಲೆ ತೊಂದರೆ ಶುರುವಾದದ್ದಾದರೆ ಡಾಕ್‌ನ ಪವರ್ ಪ್ಲಗ್ ಮತ್ತು ಟ್ಯಾಬ್ಲೆಟ್ ಕಡೆಯ ತಂತಿ ಎರಡನ್ನೂ ಎಳೆದು ಅರ್ಧ ನಿಮಿಷ ಬಿಟ್ಟು ಹಾಕಿ. ನನ್ನಲ್ಲಿ ಮಳೆಗಾಲದಲ್ಲಿ ಇದು ವಾರಕ್ಕೊಮ್ಮೆ ಆಗುತ್ತಿತ್ತು, ಡಾಕ್ ಅನ್ನು ಯುಪಿಎಸ್‌ಗೆ ಹಾಕಿದ ಮೇಲೆ ನಿಂತಿತು.

ಪರೀಕ್ಷೆ ಮಾಡಿ ನೋಡಿ. ಟ್ಯಾಬ್ಲೆಟ್‌ನ ಮಾಡೆಲ್, 24 ಇಂಚಿನದರ ಹರ್ಟ್ಸ್, ಯುಎಸ್‌ಬಿ-ಸಿ ಪೋರ್ಟ್ ಎಷ್ಟಿವೆ, ಈ ಮೂರನ್ನು ಬರೆಯಿರಿ. ಸೀಟಿನ ಲೆಕ್ಕ ಹಾಕಿ ಯಾವ ದಾರಿ ಹಿಡಿಸುತ್ತದೆ ಎಂದು ತಿಳಿಸುತ್ತೇನೆ.